ಕೆಲಸದ ಭಾರ ಮತ್ತು ‘ನಾನು’ ಎಂಬ ಭಾರ



ಈಚೆಗೆ ಹರಿಹರದ ಕಡೆಯ ಒಬ್ಬ ತರುಣ ನಮ್ಮ ಬಳಿಗೆ ಬಂದಿದ್ದ. ಬಲಗೈಗೆ ಬಿಳಿಯ ಬಟ್ಟೆ ಸುತ್ತಿಕೊಂಡಿದ್ದ. ನಮಸ್ಕರಿಸಿ ಮೂಲೆಯಲ್ಲಿ ಕುಳಿತವನು, ಉಳಿದ ಭಕ್ತರೆಲ್ಲ ಎದ್ದು ಹೋದ ಮೇಲೆ ಮೆಲ್ಲಗೆ ಹತ್ತಿರ ಬಂದು, “ಬುದ್ಧಿ, ಕೆಲಸದ ಒತ್ತಡ ತಡಕೊಳ್ಳಾಕ ಆಗ್ತಿಲ್ಲ. ಬಿಟ್ಟುಬಿಡಾಣ ಅಂತ ಮಾಡೀನಿ. ತಮ್ಮ ಅಪ್ಪಣೆ ಆಗಬೇಕು” ಎಂದ.

ಕೈಗೇನಾಯಿತಪ್ಪಾ ಎಂದು ಕೇಳಿದೆವು. ಅವನು ತಗಡಿನ ಬಿಡಿಭಾಗಗಳನ್ನು ಒತ್ತುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರದ ಮೇಲೆ ದುಡಿಯುವವನು. ತಿಂಗಳ ಕೊನೆಯ ದಿನ. ಸಂಜೆಯೊಳಗೆ ಇಷ್ಟು ಬಿಡಿಭಾಗ ಮುಗಿಯಲೇಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು. ಯಂತ್ರದ ಬಾಯಿಗೆ ಕೈ ಹೋಗದಂತೆ ಕಾಯುವ ಗಾರ್ಡು ಒಂದಿರುತ್ತದೆ. ಅದಿದ್ದರೆ ಒಂದೊಂದು ತುಂಡಿಗೂ ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ. ಮಧ್ಯಾಹ್ನ ಅದು ಕಳಚಿತು. ನಾಲ್ಕು ಗಂಟೆಯ ಹೊತ್ತಿಗೆ ಎರಡು ಬೆರಳಿನ ತುದಿ ಹೋಯಿತು. ಇಷ್ಟು ಹೇಳಿ ಅವನು ತಲೆ ತಗ್ಗಿಸಿದ. ಇನ್ನೇನೋ ಒಂದು ಮಾತು ಅವನ ಗಂಟಲಲ್ಲಿ ಉಳಿದಿತ್ತು. ಅದನ್ನು ಆಮೇಲೆ ಹೇಳುತ್ತೇವೆ.

ಆ ತರುಣನ ಪ್ರಶ್ನೆ ಅವನೊಬ್ಬನದಲ್ಲ. ಬ್ಯಾಂಕಿನಲ್ಲಿ ಮಾರ್ಚಿ ತಿಂಗಳ ಲೆಕ್ಕ ಮುಗಿಸುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಹೆಣ್ಣುಮಕ್ಕಳು, ಸುಗ್ಗಿಯಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುವವರು, ಭಾನುವಾರ ಬೆಳಿಗ್ಗೆ ಜನ ಸಾಲುಗಟ್ಟಿ ನಿಂತಿರುವಾಗ ಕಾವಲಿಯ ಮುಂದೆ ನಿಂತು ಬೆಣ್ಣೆದೋಸೆ ಹುಯ್ಯುವವರು, ಇವರೆಲ್ಲರ ಪ್ರಶ್ನೆಯೂ ಅದೇ. ಒತ್ತಡವಿಲ್ಲದ ಕಾಯಕ ಜಗತ್ತಿನಲ್ಲಿಲ್ಲ. ಹಾಗಿದ್ದ ಮೇಲೆ ಒತ್ತಡದ ನಡುವೆಯೂ ಕೆಲಸ ಕೆಡದಂತೆ, ಮೈ ಕೆಡದಂತೆ, ಮನಸ್ಸು ಕೆಡದಂತೆ ದುಡಿಯುವುದು ಹೇಗೆ? ಇಂದು ಈ ಒಂದು ವಿಷಯವನ್ನು ವಿಚಾರ ಮಾಡೋಣ.

ದಾವಣಗೆರೆ ಹರಿಹರಗಳ ಜನರಿಗೆ ದುಡಿಮೆಯ ಪಾಠವನ್ನು ಬೇರೆ ಊರಿನವರು ಬಂದು ಹೇಳಬೇಕಾಗಿಲ್ಲ. ಹತ್ತಿ ಗಿರಣಿಗಳಿಂದ ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿತ್ತು. ಗಿರಣಿಯ ಕೂಗಿಗೆ ಊರಿಗೆ ಊರೇ ಏಳುತ್ತಿದ್ದ ದಿನಗಳನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಲೇತ್ ಯಂತ್ರಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಗಿರಣಿಗಳೂ ಒಂದೊಂದಾಗಿ ನಿಂತವು. ಆದರೆ ಅಲ್ಲಿ ದುಡಿದವರು ಕಲಿತದ್ದು ನಿಲ್ಲಲಿಲ್ಲ. ಅದು ಇಂದಿಗೂ ಅನೇಕ ಮನೆಗಳಲ್ಲಿ ಕೈಯಿಂದ ಕೈಗೆ ಬಂದಿದೆ.

ಲೇತ್ ಕಲಿಯಲು ಹೋದ ಹುಡುಗನಿಗೆ ಹಿರಿಯ ಟರ್ನರ್ ಮೊದಲು ಹೇಳಿಕೊಡುವ ನಿಯಮ ಯಾವುದು ಬಲ್ಲಿರಾ? ಚಕ್ಕಿಗೆ ಹಾಕಿದ ಕೀಲಿಯನ್ನು ಬಿಗಿ ಮಾಡಿದ ಕೂಡಲೇ ತೆಗೆಯಬೇಕು. ಕೀಲಿಯಿಂದ ಕೈ ತೆಗೆಯುವುದೆಂದರೆ ಕೀಲಿಯನ್ನೂ ತೆಗೆಯುವುದು ಎಂದೇ ಅರ್ಥ. ಅದು ಅಲ್ಲೇ ಉಳಿದು ಯಂತ್ರ ತಿರುಗಿತೋ, ಕೀಲಿ ಗುಂಡಿನಂತೆ ಹಾರಿಬಂದು ಎದೆಗೋ ಮುಖಕ್ಕೋ ಬಡಿಯುತ್ತದೆ. ಈ ನಿಯಮವನ್ನು ಬಿಡುವಿನ ದಿನದಲ್ಲಿ ನೂರು ಸಲ ಪಾಲಿಸಿದವನ ಕೈ, ಅವಸರದ ದಿನದಲ್ಲಿ ತಾನಾಗಿಯೇ ಪಾಲಿಸುತ್ತದೆ. ಈ ಚಿಕ್ಕ ಮಾತಿನಲ್ಲಿ ಇಂದಿನ ವಿಷಯದ ಅರ್ಧ ಅಡಗಿದೆ.

ಮೊದಲು ಒತ್ತಡವೆಂದರೇನು ಎಂಬುದನ್ನು ತಿಳಿಯೋಣ. ಮನುಷ್ಯನಿಗೆ ಭಯವೋ ಅವಸರವೋ ಉಂಟಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಎಂಬ ಗ್ರಂಥಿಗಳು ರಕ್ತಕ್ಕೆ ಒಂದು ರಸವನ್ನು ಬಿಡುತ್ತವೆ. ಎದೆ ಬೇಗ ಬಡಿಯುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿ ಎದುರಾದಾಗ ಓಡುವುದಕ್ಕೋ ಹೋರಾಡುವುದಕ್ಕೋ ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಇದು ರೋಗವಲ್ಲ. ಆದರೆ ಇದರ ಜೊತೆಗೇ ಇನ್ನೊಂದು ಸಂಗತಿ ನಡೆಯುತ್ತದೆ. ಗಮನ ಕಿರಿದಾಗುತ್ತದೆ. ಎದುರಿಗಿರುವ ಒಂದೇ ಒಂದು ವಸ್ತು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಆ ತರುಣನಿಗೆ ಸಂಜೆಯ ಎಣಿಕೆ ಕಂಡಿತು. ತನ್ನ ಬೆರಳು ಕಾಣಲಿಲ್ಲ.

ಹಾಗಾದರೆ ಒತ್ತಡವೇ ಇಲ್ಲದಿದ್ದರೆ ಒಳ್ಳೆಯದೇ? ಅದೂ ಅಲ್ಲ. 1908ರಲ್ಲಿ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎರಡು ದಾರಿಗಳಲ್ಲಿ ಸರಿಯಾದದ್ದನ್ನು ಇಲಿ ಆರಿಸಬೇಕು. ತಪ್ಪಿದರೆ ವಿದ್ಯುತ್ತಿನ ಸಣ್ಣ ಪೆಟ್ಟು. ಸುಲಭವಾದ ಪಾಠವಿದ್ದಾಗ ಪೆಟ್ಟು ಹೆಚ್ಚಿದಷ್ಟೂ ಇಲಿಗಳು ಬೇಗ ಕಲಿತವು. ಪಾಠ ಕಠಿಣವಾದಾಗ ಹಾಗಾಗಲಿಲ್ಲ. ಪೆಟ್ಟು ಒಂದು ಮಟ್ಟದವರೆಗೆ ಸಹಾಯ ಮಾಡಿತು, ಅದನ್ನು ದಾಟಿದ ಮೇಲೆ ಕಲಿಕೆ ಕೆಟ್ಟಿತು. ಮನುಷ್ಯನು ಇಲಿಯಲ್ಲ ನಿಜ. ಆದರೂ ಮೂಟೆ ಹೊರುವಾಗ ಹುರಿದುಂಬಿಸುವ ಕೂಗು, ಸೂಕ್ಷ್ಮವಾದ ಲೆಕ್ಕ ಮಾಡುವಾಗ ತಲೆ ಕೆಡಿಸುತ್ತದೆಂಬುದು ನಿಮ್ಮೆಲ್ಲರ ಅನುಭವ.

ಇದನ್ನು ತಿಳಿಯಲು ಇಲಿಗಳವರೆಗೆ ಹೋಗಬೇಕಾಗಿಯೂ ಇಲ್ಲ. ನಿಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ನಿಂತು ನೋಡಿ. ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯುತ್ತಾರೆ. ಮರಳು ತಣ್ಣಗಿದ್ದರೆ ಅಕ್ಕಿ ಅರಳದೆ ಗಟ್ಟಿ ಕಾಳಾಗಿ ಉಳಿಯುತ್ತದೆ. ಅತಿಯಾಗಿ ಕಾದರೆ ಕರಿಕಾಗುತ್ತದೆ. ಹದವಾಗಿ ಕಾದಿದ್ದರೆ ಕ್ಷಣಮಾತ್ರದಲ್ಲಿ ಮಲ್ಲಿಗೆಯಂತೆ ಅರಳುತ್ತದೆ. ಆ ಕ್ಷಣಕ್ಕೆ ಸರಿಯಾಗಿ ತೆಗೆದು ಜರಡಿ ಹಿಡಿಯಬೇಕು. ಭಟ್ಟಿಯವನು ಬೆಂಕಿಯನ್ನು ಬೈಯುವುದಿಲ್ಲ, ಬೆಂಕಿಗೆ ಹೆದರಿ ಓಡುವುದೂ ಇಲ್ಲ. ಹದವನ್ನು ಕಾಯುತ್ತಾನೆ. ಒತ್ತಡವೂ ಬೆಂಕಿಯಂತೆಯೇ.

ಈಗ ಮುಖ್ಯವಾದ ಮಾತಿಗೆ ಬರೋಣ. ಒತ್ತಡವೆಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಭಾರಗಳಿವೆ. ಒಂದು ಕೆಲಸದ ಭಾರ. ಇಷ್ಟು ಹೊತ್ತಿನಲ್ಲಿ ಇಷ್ಟು ಮುಗಿಯಬೇಕು, ತಪ್ಪಾಗಬಾರದು ಎಂಬುದು ಅದು. ಎರಡನೆಯದು ‘ನಾನು’ ಎಂಬ ಭಾರ. ತಪ್ಪಿದರೆ ನನ್ನ ಮಾನವೇನಾಗುವುದು, ಮೇಲಿನವರು ಏನೆಂದಾರು, ಪಕ್ಕದವನು ನಕ್ಕಾನೇ ಎಂಬುದು ಅದು. ಮೊದಲನೆಯದನ್ನು ಹೊರಲೇಬೇಕು, ಅದಕ್ಕೇ ಸಂಬಳ. ಎರಡನೆಯದನ್ನು ಯಾರೂ ನಮ್ಮ ತಲೆಯ ಮೇಲೆ ಇಟ್ಟಿಲ್ಲ, ನಾವೇ ಎತ್ತಿಕೊಂಡದ್ದು. ಸೋಜಿಗವೆಂದರೆ ಹೆಚ್ಚು ದಣಿಸುವುದು ಈ ಎರಡನೆಯದೇ.

ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ನಡೆಯುವ ತಾಯಿಯನ್ನು ನೋಡಿ. ಮಾತಾಡುತ್ತಲೇ ನಡೆಯುತ್ತಾಳೆ, ಒಂದು ಹನಿ ಚೆಲ್ಲುವುದಿಲ್ಲ. “ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ, ಜೋಕೆ” ಎಂದು ಒಬ್ಬರು ಹೇಳಲಿ, ಕೂಡಲೇ ಕತ್ತು ಬಿಗಿಯುತ್ತದೆ, ನೀರು ತುಳುಕುತ್ತದೆ. ಚೆನ್ನಾಗಿ ಬಲ್ಲ ಕೆಲಸ ಒತ್ತಡದಲ್ಲಿ ಕೈತಪ್ಪುವುದು ಹೀಗೆ ಎಂದು ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ. ಕೈ ತಾನಾಗಿ ಮಾಡುತ್ತಿದ್ದುದನ್ನು ಮನಸ್ಸು ನಡುವೆ ಬಂದು ಹೆಜ್ಜೆಹೆಜ್ಜೆಗೂ ಕಾಯತೊಡಗುತ್ತದೆ. ಅದರಿಂದ ಕೈಯ ಲಯ ತಪ್ಪುತ್ತದೆ. ಹೊಸ ಲೆಕ್ಕವಾದರೋ, ಲೆಕ್ಕಕ್ಕೆ ಬೇಕಾದ ಬುದ್ಧಿಯನ್ನು ಚಿಂತೆಯೇ ತಿಂದುಬಿಡುತ್ತದೆ.

ನಿಮ್ಮ ಊರಿನವರೇ ಒಬ್ಬರ ಉದಾಹರಣೆ ಹೇಳುತ್ತೇವೆ. ಆಟೋ ಓಡಿಸುತ್ತಿದ್ದವರ ಮಗ, ಕ್ರಿಕೆಟ್ ಆಟಗಾರ ಆರ್. ವಿನಯ್ ಕುಮಾರ್. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಜನ ಪ್ರೀತಿಯಿಂದ ಕರೆದರು. 2013ರ ನವೆಂಬರ್ 2ರಂದು ಬೆಂಗಳೂರಿನಲ್ಲಿ, ತಮ್ಮ ನಾಡಿನ ಜನರೆದುರಿಗೇ, ಆಸ್ಟ್ರೇಲಿಯದ ವಿರುದ್ಧ 9 ಓವರುಗಳಲ್ಲಿ 102 ಓಟಗಳನ್ನು ಕೊಟ್ಟರು. ಪಂದ್ಯವನ್ನು ಭಾರತವೇ ಗೆದ್ದರೂ ಆ 102 ಎಂಬ ಅಂಕಿ ಎಲ್ಲರ ಬಾಯಲ್ಲಿ ಉಳಿಯಿತು. ಅವರು ಆಡಿದ ಕೊನೆಯ ಅಂತರರಾಷ್ಟ್ರೀಯ ಏಕದಿನ ಪಂದ್ಯವೂ ಅದೇ ಆಯಿತು. ಮಾನದ ಭಾರ ಹೊತ್ತವನಾಗಿದ್ದರೆ ಅಲ್ಲಿಗೇ ಕುಸಿಯಬಹುದಾಗಿತ್ತು. ಕಣ್ಣಿಗೆ ಕಂಡದ್ದೇ ಬೇರೆ. ಅದೇ ಋತುವಿನಲ್ಲಿ ಕರ್ನಾಟಕದ ನಾಯಕರಾಗಿ ಮತ್ತೆ ಚೆಂಡು ಹಿಡಿದು ಓಡಿಬಂದರು. ಮೂರು ತಿಂಗಳಿಗೆ, 2014ರ ಫೆಬ್ರವರಿಯಲ್ಲಿ, 15 ವರ್ಷಗಳ ಮೇಲೆ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂತು. ಮರುವರ್ಷ ತಮಿಳುನಾಡಿನ ವಿರುದ್ಧದ ಅಂತಿಮ ಪಂದ್ಯದಲ್ಲಿ ಮೊದಲ ಸರದಿಯಲ್ಲೇ ಅವರು 5 ವಿಕೆಟ್ ಪಡೆದರು, ಎದುರಾಳಿಗಳು 134ಕ್ಕೆ ಮುಗಿದರು, ಟ್ರೋಫಿ ಮತ್ತೊಮ್ಮೆ ಬಂತು. ಹೋದ 102 ಓಟಗಳು ಹಿಂದಕ್ಕೆ ಬರಲಿಲ್ಲ. ಎಸೆಯಬೇಕಾದ ಮುಂದಿನ ಚೆಂಡು ಮಾತ್ರ ಯಾವಾಗಲೂ ಕೈಯಲ್ಲೇ ಇತ್ತು. ಕಾಯಕ ಮಾಡುವವನಿಗೆ ಅದು ಸಾಕು.

ಹಾಗಾದರೆ ‘ನಾನು’ ಎಂಬ ಭಾರವನ್ನು ಇಳಿಸಿಬಿಟ್ಟರೆ ಎಲ್ಲವೂ ಸರಿಯಾಯಿತೇ? ಇಲ್ಲ. ಕೆಲಸದ ಭಾರವನ್ನು ಹೊರಲೂ ಬೆನ್ನು ಗಟ್ಟಿಯಾಗಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ? ಹರಿಹರದ ಹೊಳೆಯನ್ನು ನೋಡಿ. ಮುಂಗಾರಿನಲ್ಲಿ ತುಂಗಭದ್ರೆ ದಡ ಮುಟ್ಟಿ ಹರಿಯುವಾಗ ಯಾರಾದರೂ ಸೇತುವೆಗೆ ಕಂಬ ನಿಲ್ಲಿಸಲು ಹೋಗುತ್ತಾರೆಯೇ? ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆ ಕಾಣುವಾಗ ಬುನಾದಿ ಹಾಕುತ್ತಾರೆ. ಆಮೇಲೆ ಪ್ರವಾಹ ಬಂದರೆ ಅದರ ಪಾಡಿಗೆ ಅದು ಕೆಳಗೆ ಹರಿಯುತ್ತದೆ, ಜನ ಮೇಲೆ ನಡೆಯುತ್ತಾರೆ. ಒತ್ತಡದ ಹೊತ್ತಿನಲ್ಲಿ ಹೊಸ ಶಕ್ತಿಯೊಂದು ಎಲ್ಲಿಂದಲೋ ಇಳಿದು ಬರುವುದೆಂದು ನಂಬಬೇಡಿ. ಬಿಡುವಿನ ದಿನಗಳಲ್ಲಿ ಯಾವುದು ರೂಢಿಯಾಗಿದೆಯೋ ಅದೇ ಆಗ ಕೈ ಹಿಡಿಯುತ್ತದೆ.

1935ರಲ್ಲಿ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸದೊಂದು ಯುದ್ಧವಿಮಾನವನ್ನು ಪರೀಕ್ಷೆಗೆ ಹಾರಿಸಿದರು. ನಡೆಸಿದವರು ನುರಿತವರು. ಮೇಲೇರಿದ ವಿಮಾನ ಸ್ವಲ್ಪದರಲ್ಲೇ ನೆಲಕ್ಕೆ ಬಿದ್ದು ಉರಿಯಿತು, ಇಬ್ಬರು ತೀರಿಕೊಂಡರು. ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ನಿಂತಿರುವಾಗ ಗಾಳಿಗೆ ಬಾಲದ ಪಟ್ಟಿಗಳು ಅಲುಗದಂತೆ ಹಾಕಿದ್ದ ಒಂದು ಬೀಗವನ್ನು ಹಾರುವ ಮೊದಲು ತೆಗೆಯಲು ಮರೆತಿದ್ದರು. ಆಗ ಬಲ್ಲವರು ಏನು ಮಾಡಿದರು? ಇನ್ನೂ ಹೆಚ್ಚು ಜಾಣರನ್ನು ಹುಡುಕಲಿಲ್ಲ. ಹಾರುವ ಮೊದಲು ಒಂದೊಂದಾಗಿ ನೋಡಬೇಕಾದದ್ದನ್ನು ಒಂದು ಚೀಟಿಯ ಮೇಲೆ ಬರೆದರು. ಇಂದು ವಿಮಾನ ನಡೆಸುವವರು ಅಂಥ ಪಟ್ಟಿಯನ್ನು ಓದದೆ ಹೊರಡುವುದಿಲ್ಲ.

ಈ ಪದ್ಧತಿ ಆಸ್ಪತ್ರೆಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ ಒಂದು ಪುಟದ ಪಟ್ಟಿಯನ್ನು ಹೊರತಂದಿತು. ರೋಗಿ ಇವನೇ ಹೌದೇ, ಕೊಯ್ಯಬೇಕಾದ ಜಾಗ ಇದೇ ಹೌದೇ, ಬಟ್ಟೆ ಉಪಕರಣಗಳ ಎಣಿಕೆ ಸರಿಯಾಯಿತೇ ಎಂದು ಗಟ್ಟಿಯಾಗಿ ಕೇಳಿ ಉತ್ತರ ಪಡೆಯುವುದು ಅದರ ಕ್ರಮ. ನಮ್ಮ ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ನಡೆಸಿ ನೋಡಿ 2009ರಲ್ಲಿ ಫಲ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ವೈದ್ಯ ವಿದ್ಯೆಗೆ ಹೆಸರಾದ ದಾವಣಗೆರೆಯಲ್ಲಿ ಇದನ್ನು ಬಲ್ಲ ವೈದ್ಯರು ದಾದಿಯರು ಈ ಸಭೆಯಲ್ಲೇ ಇರಬಹುದು. ದೊಡ್ಡ ವೈದ್ಯರಿಗೇ ಚೀಟಿ ಬೇಕಾದರೆ ಲೆಕ್ಕ ಬರೆಯುವವನಿಗೆ, ಯಂತ್ರ ನಡೆಸುವವನಿಗೆ ಬೇಡವೇ? ಚೀಟಿ ಇಟ್ಟುಕೊಳ್ಳುವುದು ದಡ್ಡತನವಲ್ಲ. ಒತ್ತಡದಲ್ಲಿ ನನ್ನ ಬುದ್ಧಿ ಕುಗ್ಗುತ್ತದೆಂದು ಮೊದಲೇ ಒಪ್ಪಿಕೊಳ್ಳುವ ವಿನಯ ಅದು.

ಇನ್ನು ಆ ತರುಣನ ಗಂಟಲಲ್ಲಿ ಉಳಿದಿದ್ದ ಮಾತು. ಬಹಳ ಹೊತ್ತಿನ ಮೇಲೆ ಅವನು ಬಾಯಿಬಿಟ್ಟ. ಗಾರ್ಡನ್ನು ಕಳಚಿದವನು ತಾನೇ. ಆದರೆ ಕಾರ್ಖಾನೆಯಲ್ಲೂ ಮನೆಯಲ್ಲೂ ಅದು ತಾನಾಗಿ ಸಡಿಲಿ ಬಿತ್ತು ಎಂದು ಹೇಳಿದ್ದಾನೆ. “ಈಗ ಆ ಪ್ರೆಸ್ ಮೇಲೆ ಯಾರಿದ್ದಾರೆ?” ಎಂದು ಕೇಳಿದೆವು. “ಹೊಸ ಹುಡುಗ ಬಂದಾನೆ ಬುದ್ಧಿ, ಹದಿನೆಂಟೋ ಹತ್ತೊಂಬತ್ತೋ” ಎಂದ. “ಗಾರ್ಡು ಹಾಕಿದ್ದಾರೆಯೇ?” ಎಂದೆವು. ಅವನು ಸುಮ್ಮನಾದ. ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಅವನನ್ನು ಹಿಂಡುತ್ತಿದ್ದ ಒತ್ತಡ ಕೆಲಸದ್ದಾಗಿರಲಿಲ್ಲ.

ಬಂಧುಗಳೇ, ನೂಲುವ ಗಿರಣಿಯಲ್ಲಿ ದುಡಿದವರನ್ನು ಕೇಳಿ. ಎಳೆ ಕಡಿಯುವುದು ಅಲ್ಲಿ ತಪ್ಪೆಂದು ಎಣಿಸಲ್ಪಡುತ್ತಿರಲಿಲ್ಲ, ಕಡಿಯುವುದು ಎಳೆಯ ಸ್ವಭಾವ. ಕಡಿದುದನ್ನು ಕಂಡ ಕೂಡಲೇ ಕೂಡಿಸುವುದು ಕೆಲಸಗಾರನ ಧರ್ಮ. ಕಂಡೂ ಕಾಣದಂತೆ ಬಿಟ್ಟರೆ ದೋಷ ಮುಂದಿನವನ ಪಾಲಿಗೆ ಹೋಗುತ್ತದೆ. ಜಪಾನಿನ ಟೊಯೋಟ ಕಾರ್ಖಾನೆಗಳಲ್ಲಿ ಕೆಲಸಗಾರನ ಕೈಗೆಟಕುವಂತೆ ಒಂದು ಹಗ್ಗ ಕಟ್ಟಿರುವ ಪದ್ಧತಿ ಹೆಸರಾಗಿದೆ. ತೊಡಕು ಕಂಡ ಯಾವ ಕೆಲಸಗಾರನೇ ಆಗಲಿ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ಮೇಲಿನವನು ಓಡಿಬರುತ್ತಾನೆ, ಬೇಕಾದರೆ ಇಡೀ ಸಾಲೇ ನಿಲ್ಲುತ್ತದೆ. ನಿಲ್ಲಿಸಿದವನನ್ನು ಬೈಯುವುದಿಲ್ಲ. ತಪ್ಪನ್ನು ಚಿಕ್ಕದಾಗಿರುವಾಗಲೇ ಹೇಳುವುದು ಒತ್ತಡವನ್ನು ಇಳಿಸುವ ದೊಡ್ಡ ಉಪಾಯ. ಮುಚ್ಚಿಟ್ಟ ತಪ್ಪು ಬಡ್ಡಿ ಬೆಳೆಯುವ ಸಾಲದಂತೆ.

ಇಲ್ಲಿ ಯಜಮಾನರಿಗೂ ಒಂದು ಮಾತು ಹೇಳಬೇಕು. ಒತ್ತಡವನ್ನು ತಾಳಿಕೋ ಎಂದು ದುಡಿಯುವವನಿಗಷ್ಟೇ ಉಪದೇಶ ಮಾಡುವುದು ನ್ಯಾಯವಲ್ಲ. ಇಬ್ಬರು ಮಾಡುವ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿ ಸಮಾಧಾನದಿಂದಿರು ಎಂದರೆ ಅವನು ಹೇಗಿರಬೇಕು? 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಮಿತಿ ಕಟ್ಟಿತು, ಯಂತ್ರಗಳ ಅಪಾಯದ ಭಾಗಗಳಿಗೆ ಕಾವಲಿರಬೇಕೆಂದಿತು. ಮನುಷ್ಯನ ಮೈಗೂ ಮನಸ್ಸಿಗೂ ಒಂದು ಎಲ್ಲೆಯುಂಟೆಂದು ಕಾನೂನೇ ಒಪ್ಪಿದ ಮೇಲೆ, ಧರ್ಮವನ್ನು ನಂಬಿದ ಯಜಮಾನ ಒಪ್ಪದಿರಬಹುದೇ? ತಿಂಗಳ ಕೊನೆಯ ದಿನ ಎಣಿಕೆ ಎಷ್ಟಾಯಿತು ಎಂದು ಕೇಳುವ ಮೊದಲು ಗಾರ್ಡು ಇದೆಯೇ ಎಂದು ಕೇಳುವವನೇ ನಿಜವಾದ ಯಜಮಾನ.

ಶರಣರ ಕಾಲದ ಒಂದು ಸಂಗತಿ ನೆನಪಾಗುತ್ತದೆ. ಆಯ್ದಕ್ಕಿ ಮಾರಯ್ಯನದು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚಾಯಿತು, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದಳು. ಮಾರಯ್ಯ ಹಾಗೆಯೇ ಮಾಡಿದ. ಕಾಯಕದಲ್ಲಿ ಶ್ರದ್ಧೆ ಎಷ್ಟು ಬೇಕೋ, ಸಾಕು ಎಂಬ ಅರಿವೂ ಅಷ್ಟೇ ಬೇಕು. ನಮ್ಮ ಒತ್ತಡದಲ್ಲಿ ಎಷ್ಟು ಪಾಲು ಕೆಲಸದಿಂದ ಬಂದದ್ದು, ಎಷ್ಟು ಪಾಲು ಹೆಚ್ಚಿನ ಅಕ್ಕಿಯ ಆಸೆಯಿಂದ ಬಂದದ್ದು ಎಂದು ರಾತ್ರಿ ಮಲಗುವ ಮೊದಲು ಒಮ್ಮೆ ಅಳೆದು ನೋಡಿಕೊಳ್ಳಿ.

ನಿತ್ಯದ ಬಳಕೆಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ. ಅವಸರದ ಕೆಲಸ ಬಂದಾಗ ಕೂಡಲೇ ಕೈ ಹಾಕಬೇಡಿ. ಮೊದಲು ನಿಂತು, ಉಸಿರನ್ನು ನಿಧಾನವಾಗಿ, ಒಳಗೆಳೆದದ್ದಕ್ಕಿಂತ ಉದ್ದವಾಗಿ ಹೊರಗೆ ಬಿಡಿ; ನಾಲ್ಕಾರು ಸಲ ಹಾಗೆ ಮಾಡಿದರೆ ಎದೆಯ ಬಡಿತ ಇಳಿಯುತ್ತದೆ, ಕಿರಿದಾದ ಗಮನ ಮತ್ತೆ ಅಗಲವಾಗುತ್ತದೆ. ಎರಡನೆಯದು, ಹತ್ತು ಕೆಲಸಗಳಿದ್ದರೆ ಹತ್ತನ್ನೂ ಬರೆದಿಟ್ಟು ಒಂದನ್ನು ಮಾತ್ರ ಕೈಗೆತ್ತಿಕೊಳ್ಳಿ, ಉಳಿದ ಒಂಬತ್ತನ್ನು ಕಾಗದ ಹೊರಲಿ. ಮೂರನೆಯದು, ಎಷ್ಟೇ ಅವಸರವಿದ್ದರೂ ಕೈಬಿಡಬಾರದ ಒಂದೆರಡು ನಿಯಮಗಳನ್ನು ಬಿಡುವಿನ ದಿನದಲ್ಲೇ ಗೊತ್ತುಮಾಡಿಕೊಳ್ಳಿ. ಅವಸರದ ಹೊತ್ತಿನಲ್ಲಿ ಅವುಗಳ ಬಗ್ಗೆ ಚರ್ಚೆಗೆ ಕೂರಬೇಡಿ. ನಾಲ್ಕನೆಯದು, ಆಗುವುದಿಲ್ಲವೆಂದು ಕಂಡರೆ ಬೆಳಿಗ್ಗೆಯೇ ಹೇಳಿ, ಸಂಜೆಗೆ ಹೇಳಬೇಡಿ. ಇಷ್ಟೆಲ್ಲ ಮಾಡಿಯೂ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ಅದನ್ನು ಮುಚ್ಚಿಡದೆ ಮನೆಯವರಿಗೂ ವೈದ್ಯರಿಗೂ ಹೇಳಿ. ಜ್ವರಕ್ಕೆ ಔಷಧಿ ತೆಗೆದುಕೊಳ್ಳಲು ನಾಚುವವರುಂಟೆ?

ಆ ತರುಣನಿಗೆ ಕೆಲಸ ಬಿಡೆಂದೂ ನಾವು ಹೇಳಲಿಲ್ಲ, ಬಿಡಬೇಡವೆಂದೂ ಹೇಳಲಿಲ್ಲ. ಮೊದಲು ಹೋಗಿ ನಿಜ ಹೇಳು, ಆ ಹುಡುಗನ ಕೈ ಉಳಿಸು, ಆಮೇಲೆ ಯೋಚಿಸುವಿಯಂತೆ ಎಂದೆವು. ಎರಡು ವಾರದ ಮೇಲೆ ಮತ್ತೆ ಬಂದ. ಯಜಮಾನರಿಂದ ಬೈಗುಳ ತಿಂದದ್ದಾಯಿತು. ಸ್ವಲ್ಪ ಹೊತ್ತಿಗೆ ಅವರೇ ಎದ್ದು ಹೋಗಿ ಪ್ರೆಸ್ ನಿಲ್ಲಿಸಿ ಗಾರ್ಡು ಹಾಕಿಸಿದರಂತೆ. ಹೊಸ ಹುಡುಗನಿಗೆ ಕೆಲಸ ಕಲಿಸುವ ಹೊಣೆಯನ್ನು ಇವನಿಗೇ ಒಪ್ಪಿಸಿದರಂತೆ. “ಈಗ ಹೆಂಗಪ್ಪಾ, ಒತ್ತಡ?” ಎಂದು ಕೇಳಿದೆವು. “ಕೆಲಸ ಅಷ್ಟೇ ಐತಿ ಬುದ್ಧಿ. ಆದ್ರ ರಾತ್ರಿ ನಿದ್ದಿ ಬರ್ತೈತಿ” ಎಂದ.

ನಿಮ್ಮೆಲ್ಲರ ಕಾಯಕವೂ ಹಾಗೆಯೇ ಹಗಲು ಕೈತುಂಬ ಕೆಲಸವನ್ನೂ ರಾತ್ರಿ ಕಣ್ತುಂಬ ನಿದ್ದೆಯನ್ನೂ ಕೊಡಲಿ.